ರೆಕ್ಕೆ ಹೊಲಿದ ತಂಗಿ

ಹಾಲೇಶಪ್ಪ ಮೇಷ್ಟ್ರು ಹದಿಮೂರು ವರ್ಷ ಮಕ್ಕಳಿಗೆ ವಿಮಾನದ ಚರಿತ್ರೆ ಕಲಿಸಿದರು, ಒಂದು ದಿನವೂ ವಿಮಾನದಲ್ಲಿ ಹಾರಲಿಲ್ಲ. ಯಾರಾದರೂ ಇದನ್ನು ಆಡಿಕೊಂಡರೆ ಅವರಿಗೆ ಸಿಟ್ಟೂ ಬರುತ್ತಿರಲಿಲ್ಲ. "ಹಿಸ್ಟ್ರಿ ಮೇಷ್ಟ್ರು ಅಶೋಕನ್ನ ನೋಡ್ಯಾರೇನು? ಸುಮ್ನಿರ್ರಿ," ಅಂದು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಆದರೆ ಅದೇ ಮೇಷ್ಟ್ರಿಗೆ ಒಂದು ವಿಷಯದಲ್ಲಿ ಮಾತ್ರ ಭಾರಿ ಹಟ. ಅವರ ಹಳೇ ಕೆಡೆಟ್ಟುಗಳು ಎಲ್ಲಾದರೂ ಸಿಕ್ಕು, ಸಂತೆಯಲ್ಲೋ ಮದುವೆ ಮನೆಯಲ್ಲೋ, "ಸಾರ್, ನೆನಪೈತಿ ನೋಡ್ರಿ" ಅಂತ ವಿಮಾನದ ಪದ ಹಾಡತೊಡಗಿದರೆ, ಕೊನೆಯ ನುಡಿ ಹಾಡುವವರೆಗೆ ಬಿಡುತ್ತಿರಲಿಲ್ಲ. ಬಸ್ಸು ಹೊರಟಿದ್ದರೂ ಅಷ್ಟೇ. "ಕೊನೀ ನುಡಿ ಅನ್ನಲೇ ಮೊದ್ಲು. ಬಸ್ಸು ಇನ್ನೊಂದು ಬರ್ತತಿ." ಯಾಕೆ ಈ ಹಟ ಅಂದರೆ, ಆ ಕೊನೆಯ ನುಡಿಯಲ್ಲಿ ಒಮ್ಮೆ ಅವರ ಮಾನವೇ ಸಿಕ್ಕಿಕೊಂಡಿತ್ತು.

ಕೂಡ್ಲಿಗಿಯ ಆ ಹೈಸ್ಕೂಲಿಗೆ ಎನ್‌ಸಿಸಿಯ ಏರ್ ವಿಂಗ್ ತುಕಡಿ ಮಂಜೂರಾದದ್ದು ತೊಂಬತ್ಮೂರರಲ್ಲಿ. ಯಾಕೆ ಮಂಜೂರಾಯಿತೋ ಆ ಭಗವಂತನಿಗೇ ಗೊತ್ತು. ಕೂಡ್ಲಿಗಿಯಲ್ಲಿ ಆಗ ಹಾರುತ್ತಿದ್ದದ್ದು ಅಂದರೆ ಹೆದ್ದಾರಿಯ ಧೂಳು, ಬಸ್‌ಸ್ಟ್ಯಾಂಡಿನ ಕಾಗೆ, ಇವೆರಡೇ. ತುಕಡಿ ನೋಡಿಕೊಳ್ಳಲು ಒಬ್ಬ ಮೇಷ್ಟ್ರು ಬೇಕಲ್ಲ? ಡ್ರಿಲ್ ಮೇಷ್ಟ್ರಿಗೆ ಮೊಣಕಾಲು ನೋವು, ವಿಜ್ಞಾನದ ಮೇಷ್ಟ್ರಿಗೆ ವರ್ಗಾವಣೆಯ ಕನಸು. ಹೆಡ್‌ಮಾಸ್ಟರ್ ಪಂಚಾಕ್ಷರಪ್ಪನವರು ಸಮಾಜ ಪಾಠದ ಹಾಲೇಶಪ್ಪನವರನ್ನು ಮೇಲಿಂದ ಕೆಳಗೆ ನೋಡಿ, "ನಿಮಗ ಮೀಸಿ ಐತಿ. ನೀವ ಆಗ್ರಿ," ಅಂದುಬಿಟ್ಟರು.

ಬಾಗಳಿಯಲ್ಲಿ ಹುಟ್ಟಿ, ಹರಪನಹಳ್ಳಿಯಲ್ಲಿ ಓದಿ, ಕೂಡ್ಲಿಗಿಗೆ ಬಂದು ನೆಲೆನಿಂತ ಮನುಷ್ಯ. ಆಕಾಶದಲ್ಲಿ ಹೋಗುವ ಬಿಳಿ ಗೆರೆ ಬಿಟ್ಟರೆ ವಿಮಾನ ಅಂದರೆ ಏನೆಂದು ಕಂಡವರಲ್ಲ. ತರಬೇತಿಗೆ ಮದ್ರಾಸಿನ ಕಡೆ ಕಳಿಸಿದರು. ಅಲ್ಲಿ ಎಂಜಿನ್ ಕಿತ್ತು ಹಾಕಿದ ಹಳೇ ವಿಮಾನವೊಂದರಲ್ಲಿ ಹತ್ತು ನಿಮಿಷ ಕೂರಿಸಿದರು. ವಾಪಸ್ಸು ಬಂದು ಹೆಂಡತಿ ಕಲ್ಯಾಣಮ್ಮನಿಗೆ, "ಕುರ್ಚಿ ಸಣ್ಣದು. ನಮ್ಮ ಲಾರಿ ಸೀಟು ಚಲೋ," ಅಂತ ವರದಿ ಒಪ್ಪಿಸಿದರು.

ತುಕಡಿ ಮಾತ್ರ ಚೆನ್ನಾಗಿ ಬೆಳೆಯಿತು. ನೀಲಿ ಟೋಪಿ, ಎದೆಯ ಮೇಲೆ ಹೆಸರಿನ ಪಟ್ಟಿ, ಕಾಲಿಗೆ ಕರೀ ಬೂಟು. ಆ ಬೂಟು ಹಾಕಿಕೊಂಡ ಮಕ್ಕಳಲ್ಲಿ ಅರ್ಧಕ್ಕರ್ಧ ಮಕ್ಕಳ ಮನೆಯಲ್ಲಿ ಅದಕ್ಕೆ ಮೊದಲು ಯಾರೂ ಬೂಟು ಹಾಕಿದವರಲ್ಲ. ಹಮಾಲಿ ಮಾಡುವವರ, ಕೂಲಿಗೆ ಹೋಗುವವರ ಮಕ್ಕಳು. ಪುಷ್ಪಲತಾ ಎಂಬ ಒಂಬತ್ತನೇ ಕ್ಲಾಸಿನ ಹುಡುಗಿಯಂತೂ ಬೂಟು ಸವೆದೀತು ಅಂತ ಮನೆಯಿಂದ ಸ್ಕೂಲಿನವರೆಗೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಗೇಟಿನ ಹತ್ತಿರ ಹಾಕಿಕೊಳ್ಳುತ್ತಿದ್ದಳು. ಶನಿವಾರದ ಪೆರೇಡು ಮುಗಿದ ಮೇಲೆ ಮಂಡಕ್ಕಿ, ಮೆಣಸಿನಕಾಯಿ. ಮಕ್ಕಳು ಬಂದದ್ದು ದೇಶಸೇವೆಗೋ ಮೆಣಸಿನಕಾಯಿಗೋ ಅಂತ ಕೇಳಬಾರದು.

ತೊಡಕಿದ್ದದ್ದು ಪಾಠದಲ್ಲಿ. ಎರಡು ವರ್ಷ ಮುಗಿದ ಮೇಲೆ ಕೆಡೆಟ್ಟುಗಳಿಗೆ 'ಎ' ಸರ್ಟಿಫಿಕೇಟು ಪರೀಕ್ಷೆ. ಅದರಲ್ಲಿ ವಿಮಾನಯಾನದ ಚರಿತ್ರೆ ದೊಡ್ಡ ಭಾಗ. ಕೈಯಲ್ಲಿದ್ದದ್ದು ಮಸುಕು ಮಸುಕಾದ ಇಂಗ್ಲಿಷ್ ನೋಟ್ಸಿನ ಒಂದು ಕಟ್ಟು. ಮೇಷ್ಟ್ರು ನಿಘಂಟು ಹಿಡಿದು ಕನ್ನಡಕ್ಕೆ ಇಳಿಸಿ ಬರೆಸಿದರು: ಇಂತಿಂಥ ಇಸವಿಯಲ್ಲಿ ಇಂಥವನು ಇಂಥದ್ದನ್ನು ಹಾರಿಸಿದನು. ಮಕ್ಕಳು ಬರೆದುಕೊಂಡರು, ಮರೆತರು. ತೊಂಬತ್ತೈದರ ಪರೀಕ್ಷೆಗೆ ಇಪ್ಪತ್ತೈದು ಮಕ್ಕಳು ಕೂತರು, ಪಾಸಾದವರು ನಾಲ್ಕೇ ಮಂದಿ. ಮಾರ್ಚಿಯಲ್ಲಿ ಏರ್ ವಿಂಗ್ ಕಚೇರಿಯಿಂದ ಕಾಗದ ಬಂತು. ಬರುವ ವರ್ಷ ಅರ್ಧದಷ್ಟಾದರೂ ಮಕ್ಕಳು ಪಾಸಾಗದಿದ್ದರೆ ತುಕಡಿಯನ್ನು ಬೇರೆ ಸ್ಕೂಲಿಗೆ ಕೊಡಲಾಗುವುದು. ಬೂಟು, ಟೋಪಿ, ಎಲ್ಲ ವಾಪಸ್ಸು.

ಅವತ್ತು ಮಧ್ಯಾಹ್ನ ಮೇಷ್ಟ್ರು ಊಟದ ಡಬ್ಬಿ ಬಿಚ್ಚದೆ ಬೇವಿನ ಮರದ ಕಟ್ಟೆಯ ಮೇಲೆ ಕೂತಿದ್ದರು. ಪಂಪಮ್ಮ ಬಂದು ಎದುರಿಗೆ ನಿಂತಳು. ಪಂಪಮ್ಮ ಅಂದರೆ ಸ್ಕೂಲಿನ ಗಂಟೆ ಹೊಡೆಯುವಾಕೆ. ಕಸ ಗುಡಿಸುವುದು, ನೀರು ತುಂಬುವುದು, ಎಲ್ಲ ಅವಳೇ. ತವರು ಹಡಗಲಿ ಕಡೆಯ ಮಾಗಳ, ಹೊಳೆದಂಡೆಯ ಊರು. ಗಂಡ ತೀರಿದ ಮೇಲೆ ಕೂಡ್ಲಿಗಿಯಲ್ಲಿ ದಿನಗೂಲಿಯ ಮೇಲೆ ಈ ಕೆಲಸ. ಓದು ಬರಹ ಇಲ್ಲ. ಆದರೆ ಸುತ್ತ ಹತ್ತು ಓಣಿಯಲ್ಲಿ ಎಲ್ಲಿ ಮದುವೆಯಾದರೂ ಸೋಬಾನ ಪದಕ್ಕೆ ಅವಳೇ ಬೇಕು. ಬೆಳತನಕ ಹಾಡಿದರೂ ಒಂದು ಸಲ ಹಾಡಿದ್ದನ್ನು ಇನ್ನೊಂದು ಸಲ ಹಾಡುವವಳಲ್ಲ.

"ಸಾರ್, ಒಂದು ಮಾತು ಅಂತೀನಿ, ಸಿಟ್ಟಾಗಬ್ಯಾಡ್ರಿ," ಅಂದಳು. "ಗಂಟೆ ಇರೋದು ನಿಮ್ಮ ಕ್ಲಾಸಿನ ಕಿಟಕಿ ಬಾಜೂಕ. ಎರಡು ವರ್ಷ ಆತು, ನೀವು ಹೇಳಿದ್ದೆಲ್ಲ ನಾನೂ ಕೇಳೀನಿ. ಕಥಿ ಭಾಳ ಚಲೋ ಐತ್ರಿ. ನೀವು ಹೇಳೋದು ಮಾತ್ರ ಗ್ವಾಡಿಗೆ ಹೇಳಿದಂಗ ಐತಿ."

ಬೇರೆ ಹೊತ್ತಾಗಿದ್ದರೆ ಮೇಷ್ಟ್ರು ಬೈಯುತ್ತಿದ್ದರು. ಅವತ್ತು ಬೈಯುವ ಕಸುವೂ ಇರಲಿಲ್ಲ. "ಹಂಗಾರ ನೀನ ಹೇಳವಾ," ಅಂದರು, ಸುಮ್ಮನೆ.

ಅವಳು ಸೆರಗು ಸರಿಮಾಡಿಕೊಂಡು ಹಾಡಿಯೇ ಬಿಟ್ಟಳು! ಫ್ರಾನ್ಸ್ ದೇಶದಲ್ಲಿ ಕಾಗದ ಬಟ್ಟೆಯ ಬಲೂನಿಗೆ ಬಿಸಿಗಾಳಿ ತುಂಬಿ ಮನುಷ್ಯರಿಗಿಂತ ಮೊದಲು ಒಂದು ಕುರಿ, ಒಂದು ಬಾತು, ಒಂದು ಹುಂಜವನ್ನು ಮೇಲಕ್ಕೆ ಕಳಿಸಿದ್ದು ಅವಳ ಬಾಯಲ್ಲಿ ಹೀಗೆ ಬಂತು:

ಕುರಿಯು ಮೇಲೇರ್ಯಾವ, ಹುಂಜ ಮೇಲೇರ್ಯಾವ
ಬಾತು ಮೇಲೇರಿ ನಗುತಾವ — ಭೂಮೀಯ
ದೊರಿ ಕೆಳಗ ನಿಂತು ನೋಡ್ಯಾನ

ಮೇಷ್ಟ್ರು ಎದ್ದು ನಿಂತರು. ಅವರು ಮೂರು ವಾರ ಬರೆಸಿದ್ದು ಇಲ್ಲಿ ಮೂರು ಸಾಲಿನಲ್ಲಿ ಕುಣಿಯುತ್ತಿತ್ತು. "ಇಸವಿ? ಇಸವಿ ಹಾಕಾಕ ಬರ್ತತೇನು?" ಅಂದರು. "ನೀವು ಹೇಳ್ರಿ, ನಾ ಕೂರಸ್ತೀನಿ," ಅಂದಳು.

ಅಲ್ಲಿಂದ ಒಂದು ತಿಂಗಳು, ಊಟದ ಬಿಡುವಿನಲ್ಲಿ, ಮೇಷ್ಟ್ರು ಹೇಳುವುದು, ಪಂಪಮ್ಮ ಕಟ್ಟುವುದು. ಸಾವಿರದೇಳ್ನೂರ ಎಂಬತ್ಮೂರರ ಬಲೂನಿನಿಂದ ಹಿಡಿದು, ಅಲಹಾಬಾದಿನಲ್ಲಿ ಯಮುನೆಯ ಮೇಲೆ ಅಂಚೆಚೀಲ ಹಾರಿದ್ದು, ಸಾವಿರದೊಂಬೈನೂರ ಮೂವತ್ತೆರಡರಲ್ಲಿ ನಮ್ಮ ವಾಯುಪಡೆ ಹುಟ್ಟಿದ್ದು, ಎಲ್ಲವೂ ಪದಕ್ಕೆ ಬಂತು. ರೈಟ್ ಸಹೋದರರ ಹತ್ತಿರ ಬಂದಾಗ ಮಾತ್ರ ಪಂಪಮ್ಮ ತಡೆದು ನಿಂತಳು.

"ಇಬ್ರೂ ಲಗ್ನ ಆಗಿರ್ಲಿಲ್ಲೇನ್ರಿ?"

"ಇಲ್ಲಂತ. ಕಡೀತನಕ ಆಗ್ಲಿಲ್ಲ."

"ತಾಯಿ?"

"ಮೊದ್ಲ ತೀರಿದ್ಲಂತ."

"ಮತ್ತ ಅವ್ರ ಹೊಟ್ಟಿ ಬಟ್ಟಿ ನೋಡಿದೋರು ಯಾರು? ಹಗಲೆಲ್ಲ ವಿಮಾನ ಮಾಡೋರು ಯಾವಾಗ ಒಲಿ ಹಚ್ಚತಾರ? ಒಬ್ಬಾಕಿ ತಂಗಿ ಇರ್ಬೇಕು ಸಾರ್."

ನೋಟ್ಸಿನಲ್ಲಿ ಅಂಥ ತಂಗಿ ಯಾರೂ ಇರಲಿಲ್ಲ. ಮೇಷ್ಟ್ರು, ಪದ ಅಂದ ಮೇಲೆ ಒಂದು ಅಲಂಕಾರ ಇರಲಿ ಬಿಡು ಅಂದುಕೊಂಡರು. ಮಕ್ಕಳಿಗೂ ಆ ನುಡಿಯೇ ಎಲ್ಲಕ್ಕಿಂತ ಇಷ್ಟವಾಯಿತು:

ಅಣ್ಣ ಕಟಿಗಿ ಕೊಯ್ದಾನ, ತಮ್ಮ ಎಂಜಿನ್ನು ಹೂಡ್ಯಾನ
ಸಣ್ಣ ಸೂಜೀಲಿ ಅವರ ತಂಗಿ — ರೆಕ್ಕೀಯ
ಬಣ್ಣದ ಬಟ್ಟಿ ಹೊಲಿದಾಳ

ನಮ್ಮ ಕಡೆಯ ಪದಕ್ಕೆ ಒಂದು ಪದ್ಧತಿ ಇದೆ. ಕೊನೆಯ ನುಡಿಯಲ್ಲಿ ಊರ ಹೆಸರು, ಕಟ್ಟಿದವರ ಹೆಸರು ಬರಬೇಕು. ಇಲ್ಲದಿದ್ದರೆ ಪದ ಅನಾಥ. ಪಂಪಮ್ಮ ಕೊನೆಯ ನುಡಿ ಕಟ್ಟಿ ಹಾಡಿದಾಗ ಮೇಷ್ಟ್ರಿಗೆ ಮೈ ಜುಮ್ಮೆಂದಿತು.

ಕೂಡ್ಲಿಗಿ ಊರಾಗ ಗಾಳೀಯ ಪಾಠಾವ
ಹೇಳ್ಯಾನ ನಮ್ಮ ಹಾಲೇಶ — ಗುರುಪಾದ
ನೆನೆದು ಹಾಡೇವ ಸೋಬಾನ

"ಏ, ನನ್ನ ಹೆಸರ್ಯಾಕ? ಕಟ್ಟಿದಾಕಿ ನೀನು," ಅಂದರು ಮೇಷ್ಟ್ರು. "ಸಾಲಿ ಪಾಠಕ್ಕ ಕಸ ಹೊಡೆಯಾಕಿ ಹೆಸರು ಒಪ್ತತೇನ್ರಿ?" ಅಂದು ಅವಳು ಪೊರಕೆ ತೆಗೆದುಕೊಂಡು ಹೋದಳು. ಮೇಷ್ಟ್ರು ಇನ್ನೊಮ್ಮೆ ಬೇಡ ಅನ್ನಲಿಲ್ಲ. ನಿಜ ಹೇಳಬೇಕೆಂದರೆ, ಐವತ್ತು ಮಕ್ಕಳು ಒಂದೇ ಕಂಠದಲ್ಲಿ ತಮ್ಮ ಹೆಸರು ಹಾಡುವುದು ಅವರಿಗೆ ಹಿತವಾಗಿತ್ತು. ಹೆಡ್‌ಮಾಸ್ಟರು, "ಅಬ್ಬಾ ಹಾಲೇಶಪ್ಪ, ನಿಮ್ಮೊಳಗ ಇಂಥಾ ಕವಿ ಅದಾನಂತ ಗೊತ್ತಿರ್ಲಿಲ್ಲ ನೋಡ್ರಿ," ಅಂದಾಗಲೂ ಮೇಷ್ಟ್ರು ಮೀಸೆಯಲ್ಲೇ ನಕ್ಕು ಸುಮ್ಮನಾದರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ತೊಂಬತ್ತಾರರ ಫೆಬ್ರವರಿಯ ಪರೀಕ್ಷೆಗೆ ಇಪ್ಪತ್ಮೂರು ಮಕ್ಕಳು ಕೂತರು. ಹೊರಗೆ ಬಂದಾಗ ಒಂದೊಂದರ ಮುಖವೂ ಅರಳಿತ್ತು. ಪಾಸಾಗುವುದು ಗ್ಯಾರಂಟಿ ಅಂತ ಮೇಷ್ಟ್ರು ಪೇಢೆ ಹಂಚಿದರು. ಮೂರು ವಾರಕ್ಕೆ ಕಾಗದ ಬಂತು. ಫಲಿತಾಂಶ ತಡೆಹಿಡಿಯಲಾಗಿದೆ. ಇಪ್ಪತ್ಮೂರೂ ಉತ್ತರಪತ್ರಿಕೆಗಳಲ್ಲಿ ಒಂದೇ ತಪ್ಪು ವಾಕ್ಯ, ಅಕ್ಷರ ಬಿಡದೆ, ಇದೆ: ರೈಟ್ ಸಹೋದರರ ವಿಮಾನದ ರೆಕ್ಕೆಯ ಬಟ್ಟೆಯನ್ನು ಅವರ ತಂಗಿ ಸಣ್ಣ ಸೂಜಿಯಿಂದ ಹೊಲಿದಳು. ಸಾಮೂಹಿಕ ನಕಲು ನಡೆದಿರುವ ಅನುಮಾನ. ವಿವರಣೆ ಕೊಡಿ.

ಹೆಡ್‌ಮಾಸ್ಟರು ತಲೆಯ ಮೇಲೆ ಕೈಹೊತ್ತು, "ತಂಗಿ ಬರದ್ರ ಬರೀಲಿ. ಸೂಜಿ ಸಣ್ಣದು ಅಂತ್ಲೂ ಎಲ್ಲಾರೂ ಬರಿಬೇಕೇನ್ರಿ!" ಅಂದರು.

ಮೇಷ್ಟ್ರು ಮನೆಗೆ ಹೋಗಿ ವಿವರಣೆ ಬರೆದರು. 'ಮಕ್ಕಳಿಗೆ ನೆನಪಿರಲೆಂದು ನಾನು ಪಾಠವನ್ನು ಜನಪದ ಮಟ್ಟಿನಲ್ಲಿ ರಚಿಸಿ ಕಲಿಸಿದ್ದೆನು. ನಕಲು ನಡೆದಿಲ್ಲ.' ಕಲ್ಯಾಣಮ್ಮ ಓದಿದಳು. ಓದಿ, "ರಚಿಸಿ ಅಂದ್ರ? ಪಂಪಮ್ಮ ಎಲ್ಲಿ ಹೋದ್ಲು ಇದರಾಗ?" ಅಂದಳು.

"ಆಕಿ ಹೆಸರು ಹಾಕಿದ್ರ ಆಕೀಗ ತ್ರಾಸು. ದಿನಗೂಲಿ ಮ್ಯಾಲ ಇರಾಕಿ. ಗಂಟೆ ಹೊಡಿಯಾಕಿ ಪಾಠ ಹೇಳಿದ್ಲಂದ್ರ ಕೆಲಸದಿಂದ ತಗೀತಾರ."

"ಆಕೀಗ ತ್ರಾಸೋ, ನಿಮಗ ನಾಚಿಕಿಯೋ?" ಅಂದಳು ಕಲ್ಯಾಣಮ್ಮ. "ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗ್ಯಾಕ ಅಂದಂಗಾತು. ಇಲ್ರೀ, ನೀವಿನ್ನೂ ಹೊಳೀನೂ ದಾಟಿಲ್ಲ."

ಮೇಷ್ಟ್ರು ರೇಗಿದರು, ಲಕೋಟೆಗೆ ಅಂಟು ಬಳಿದರು, ಟಪಾಲಿಗೆ ಹಾಕಿದರು. ಹಾಕಿದ ಮೇಲೆ ಅನ್ನ ಸೇರಲಿಲ್ಲ.

ಮಾರ್ಚಿ ಕೊನೆಗೆ ಕರೆ ಬಂತು: ಎಲ್ಲ ಕೆಡೆಟ್ಟುಗಳನ್ನೂ ಕರೆದುಕೊಂಡು ಮೇಷ್ಟ್ರು ಕಚೇರಿಗೆ ಹಾಜರಾಗಬೇಕು. ಟೆಂಪೊ ಮಾಡಿಕೊಂಡು ಹೊರಟರು. ಹುಡುಗಿಯರನ್ನು ನೋಡಿಕೊಳ್ಳಲು ಪಂಪಮ್ಮನೂ ಬಂದಳು, ತಲೆಯ ಮೇಲೆ ರೊಟ್ಟಿ ಗಂಟು ಹೊತ್ತು. ದಾರಿಯುದ್ದಕ್ಕೂ ಅವಳ ಮುಖ ಬಾಡಿತ್ತು. "ನನ್ನಿಂದ ಮಕ್ಕಳಿಗೆ ಹಿಂಗಾತಲ್ರಿ ಸಾರ್. ಆ ತಂಗೀನ ಕರಕಂಡು ಬರಬಾರದಿತ್ತು ನಾನು," ಅಂತ ಎರಡು ಸಲ ಅಂದಳು. ಮೇಷ್ಟ್ರು ಕಿಟಕಿಯಾಚೆ ನೋಡಿದರು.

ಕಚೇರಿಯಲ್ಲಿ ಇದ್ದವರು ವಾಯುಪಡೆಯ ದೊಡ್ಡ ಅಧಿಕಾರಿ, ತಮಿಳುನಾಡಿನ ಕಡೆಯವರು. ಬೆಂಗಳೂರಿನಲ್ಲಿ ಬಹಳ ವರ್ಷ ಇದ್ದುದರಿಂದ ಕನ್ನಡ ಬರುತ್ತಿತ್ತು. ಪಂಪಮ್ಮ ವರಾಂಡದಲ್ಲಿ ಗಂಟಿನ ಹತ್ತಿರ ಕೂತಳು. ಮಕ್ಕಳು ಒಳಗೆ ಸಾಲಾಗಿ ನಿಂತರು. ಅಧಿಕಾರಿ ಪುಷ್ಪಲತಾಳನ್ನು ಮುಂದಕ್ಕೆ ಕರೆದು ಕೇಳಿದರು. "ವಿಮಾನದಲ್ಲಿ ಇಂಗ್ಲಿಷ್ ಕಾಲುವೆ ದಾಟಿದ್ದು ಯಾವಾಗ?"

ಹುಡುಗಿ ಕಣ್ಣು ಮುಚ್ಚಿದಳು. ತುಟಿ ಅಲ್ಲಾಡಿತು. ಅರ್ಧ ನಿಮಿಷ ಮಾತಿಲ್ಲ. ಅಧಿಕಾರಿ ಇನ್ನೇನು ಗದರಬೇಕು, ಅಷ್ಟರಲ್ಲಿ, "ಸಾವಿರದೊಂಬೈನೂರ ಒಂಬತ್ತು, ಜುಲೈ ಇಪ್ಪತ್ತೈದು, ಬ್ಲೆರಿಯೊ ಸಾರ್," ಅಂದಳು.

"ಇಷ್ಟು ಹೊತ್ತು ಏನು ಮಾಡುತ್ತಿದ್ದೆ?"

"ಕುರಿಯಿಂದ ಬರ್ಬೇಕ್ರಿ ಸಾರ್. ನಡುವಿಂದ ಬರಂಗಿಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಎಲ್ಲರೂ ಹಾಡಿ," ಅಂದರು. ಇಪ್ಪತ್ಮೂರು ಮಕ್ಕಳು ಅಟೆನ್ಷನ್ನಿನಲ್ಲಿ ನಿಂತುಕೊಂಡೇ ಸೋಬಾನ ಹಾಡಿದರು. ಕುರಿ ಹೋಯಿತು, ಹುಂಜ ಹೋಯಿತು, ಬಾತು ಹೋಯಿತು. ಹನ್ನೆರಡು ಸೆಕೆಂಡು ತಮ್ಮ ಹಾರಿದ, ಪಕ್ಕದಲ್ಲಿ ಅಣ್ಣ ಓಡಿದ. ಸಣ್ಣ ಸೂಜಿಯ ತಂಗಿ ಬಂದಳು. ಗುಮಾಸ್ತರೆಲ್ಲ ಬಾಗಿಲಿಗೆ ಬಂದು ನಿಂತರು. ಕೊನೆಗೆ, ಹೇಳ್ಯಾನ ನಮ್ಮ ಹಾಲೇಶ.

"ನಕಲು ಅಲ್ಲ. ಅದು ಗೊತ್ತಾಯಿತು," ಅಂದರು ಅಧಿಕಾರಿ. "ಆದರೆ ಮೇಷ್ಟ್ರೇ, ಪದ ನಿಮ್ಮದು. ಈ ತಂಗಿಯನ್ನು ಎಲ್ಲಿಂದ ತಂದಿರಿ? ನಿಮ್ಮ ನೋಟ್ಸಿನಲ್ಲಿ ಇಲ್ಲ. ಯಾವ ಪುಸ್ತಕ ನೋಡಿದಿರಿ?"

ಮೇಷ್ಟ್ರು ನನ್ನ ಕಲ್ಪನೆ ಅಂದರೆ ಮುಗಿದುಹೋಗುತ್ತಿತ್ತು. ಒಂದು ಬೈಗುಳ, ಒಂದು ಎಚ್ಚರಿಕೆ, ಊರಿಗೆ ವಾಪಸ್ಸು. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಬಾಗಿಲಾಚೆ ಪಂಪಮ್ಮ ಕಾಣುತ್ತಿದ್ದಳು. ಎರಡೂ ಕೈ ಜೋಡಿಸಿ, ಯಾವ ದೇವರಿಗೋ ಏನೋ, ಮಕ್ಕಳ ಬದಲು ತಾನೇ ಹರಕೆ ಹೊರುತ್ತಿದ್ದಳು. ತನ್ನ ಪದವನ್ನು ಒಬ್ಬರು ಎತ್ತಿಕೊಂಡು ಹೋಗಿದ್ದಾರೆ ಅನ್ನುವುದು ಅವಳ ಮನಸ್ಸಿಗೆ ಬಂದೇ ಇರಲಿಲ್ಲ.

"ಪದ ನಂದಲ್ರಿ ಸಾರ್," ಅಂದರು ಮೇಷ್ಟ್ರು. "ಬರದು ಕೊಟ್ಟಿದ್ದು ಸುಳ್ಳು. ಕಟ್ಟಿದಾಕಿ ನಮ್ಮ ಸಾಲ್ಯಾಗ ಗಂಟೆ ಹೊಡೆಯೋ ಪಂಪಮ್ಮ. ಹೊರಗ ಕುಂತಾಳ. ಆಕಿ ದೊಡ್ಡ ಮನಸ್ಸಿಂದ ನನ್ನ ಹೆಸರು ಇಟ್ಲು. ನಾನು ಸಣ್ಣ ಮನಸ್ಸಿಂದ ಇಟ್ಕಂಡೆ."

ಮಕ್ಕಳು ಕಣ್ಣರಳಿಸಿ ನೋಡಿದರು. ಮೇಷ್ಟ್ರು ತಮ್ಮ ತಪ್ಪು ಒಪ್ಪಿಕೊಳ್ಳುವುದನ್ನು ಅವರು ಅದುವರೆಗೆ ಕಂಡಿರಲಿಲ್ಲ.

ಪಂಪಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಅಂಟಿಕೊಂಡು ನಿಂತಳು. ಮೇಷ್ಟ್ರು ತಮಗೆ ಕೊಟ್ಟಿದ್ದ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದು, "ಕುಂದರ್ರಿ," ಅಂದರು. ಅವಳು ಕೂರಲಿಲ್ಲ. ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು, ಅಷ್ಟೇ.

"ತಂಗಿ ಇದ್ದಳು ಅಂತ ನಿಮಗೆ ಯಾರು ಹೇಳಿದರು?" ಅಧಿಕಾರಿ ಕೇಳಿದರು.

"ಯಾರೂ ಹೇಳಲಿಲ್ರಿ. ಲಗ್ನ ಆಗದ ಇಬ್ರು ಗಂಡಸ್ರು, ತಾಯಿ ಇಲ್ಲ. ಅಂಥಾ ಮನಿಯಾಗ ಕೂಳು ಬೇಯಿಸಾಕ ಒಬ್ಬಾಕಿ ಇರ್ದ ಇದ್ರ ಆಕಾಶ ನೋಡಾಕ ಯಾರಿಗೆ ಪುರಸೊತ್ತು ಇರ್ತೈತ್ರಿ? ಲೆಕ್ಕ ಹಾಕಿದೆ. ತಪ್ಪಾಗಿದ್ರ ನನಗ ಅನ್ರಿ, ಮಕ್ಕಳಿಗೆ ಏನೂ ಅನಬ್ಯಾಡ್ರಿ."

ಅಧಿಕಾರಿ ಎದ್ದು ಬೀರುವಿನಿಂದ ದಪ್ಪನೆಯ ಒಂದು ಇಂಗ್ಲಿಷ್ ಪುಸ್ತಕ ತೆಗೆದು, ಹಾಳೆ ತಿರುವಿ, ಮೇಜಿನ ಮೇಲೆ ಬಿಚ್ಚಿಟ್ಟರು. ಕನ್ನಡಕದ ಒಬ್ಬ ಹೆಂಗಸಿನ ಫೋಟೊ. "ಕ್ಯಾಥರೀನ್. ಅವರ ಒಡಹುಟ್ಟಿದ ತಂಗಿ," ಅಂದರು. "ತಾಯಿ ಸತ್ತ ಮೇಲೆ ಮನೆ ನಡೆಸಿದವಳು ಇವಳೇ. ಮೇಷ್ಟ್ರ ಕೆಲಸವನ್ನೂ ಮಾಡುತ್ತಿದ್ದಳು. ಸೂಜಿ ಮಾತ್ರ ತಪ್ಪು. ರೆಕ್ಕೆಯ ಬಟ್ಟೆಯನ್ನು ಅಣ್ಣತಮ್ಮಂದಿರೇ ಮಿಷನ್ನಿನಲ್ಲಿ ಹೊಲಿದರು."

ಪಂಪಮ್ಮ ಬಗ್ಗಿ ಆ ಫೋಟೊವನ್ನು ಬಹಳ ಹೊತ್ತು ನೋಡಿದಳು. ತೊಳೆದು ತೊಳೆದು ಬಿರುಕುಬಿಟ್ಟ ಬೆರಳನ್ನು ಹಾಳೆಗೆ ತಾಗಿಯೂ ತಾಗದ ಹಾಗೆ ಇಟ್ಟು, "ಬಂದ್ಯೇನವಾ," ಅಂದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿ ನಕ್ಕಳು. "ಗಂಡಸ್ರು ತಾವ ಹೊಲ್ಕಂಡ್ರಂತ ಸಾರ್! ಚಲೋ ಮಂದಿ."

ಆ ಒಂದು ವಾಕ್ಯಕ್ಕೆ ಒಂದೊಂದು ಅಂಕ ಕಳೆದು, ಉಳಿದದ್ದಕ್ಕೆ ಪೂರಾ ಕೊಟ್ಟರು. ಇಪ್ಪತ್ತೊಂದು ಮಕ್ಕಳು ಪಾಸು. ಸುಳ್ಳು ವಿವರಣೆ ಬರೆದದ್ದಕ್ಕೆ ಮೇಷ್ಟ್ರಿಗೆ ಒಂದು ಎಚ್ಚರಿಕೆಯ ಪತ್ರವೂ ಬಂತು. ಅದನ್ನು ಅವರು ಯಾರಿಗೂ ಬಚ್ಚಿಡಲಿಲ್ಲ, ಕಲ್ಯಾಣಮ್ಮನಿಗೆ ತಾವೇ ಓದಿ ಹೇಳಿದರು. ತುಕಡಿ ಕೂಡ್ಲಿಗಿಯಲ್ಲೇ ಉಳಿಯಿತು. ಪಂಪಮ್ಮನ ಕೆಲಸಕ್ಕೂ ಏನೂ ಆಗಲಿಲ್ಲ.

ಹಿಂತಿರುಗುವಾಗ ಟೆಂಪೊದಲ್ಲಿ ರೊಟ್ಟಿ ಬಿಚ್ಚಿ ಎಲ್ಲರಿಗೂ ಹಂಚಿದ ಮೇಲೆ ಪಂಪಮ್ಮ, "ಎಲ್ಲಾರ ಮುಂದ ಹಂಗ ಯಾಕಂದ್ರಿ ಸಾರ್? ಕಥಿ ಕೊಟ್ಟೋರು ನೀವು. ನಾ ರಾಗ ಹಚ್ಚೀನಿ, ಅಷ್ಟ," ಅಂದಳು. ಮೇಷ್ಟ್ರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು. "ನೀವು ಇರದಿದ್ರ ನನ್ನ ಮಕ್ಕಳ ಕಾಲಾಗಿನ ಬೂಟು ಹೋಗಿರ್ತಿದ್ವು, ಪಂಪಮ್ಮ. ಈ ಋಣ ನಾ ಹೆಂಗ ತೀರಸ್ಲಿ," ಅಂದರು. "ಚಟ್ನಿ ಹಾಕ್ಲೇನ್ರಿ?" ಅಂದಳು ಅವಳು.

ಮುಂದಿನ ಶನಿವಾರದ ಪೆರೇಡು. ಮಕ್ಕಳು ಪದ ಎತ್ತಿಕೊಂಡರು. ತಂಗಿಯ ನುಡಿಯನ್ನು ಪಂಪಮ್ಮ ತಾನೇ ತಿದ್ದಿದ್ದಳು. ಈಗ ಅಣ್ಣತಮ್ಮಂದಿರು ಬಟ್ಟೆ ಹೊಲಿಯುತ್ತಾರೆ, ತಂಗಿ ಶಾಲೆಗೆ ಹೋಗಿ ಪಾಠ ಹೇಳಿ ಬರುತ್ತಾಳೆ. ಕೊನೆಯ ನುಡಿ ಬರುವ ಹೊತ್ತಿಗೆ ಮೇಷ್ಟ್ರು ಕೈ ಎತ್ತಿ ಮಕ್ಕಳನ್ನು ನಿಲ್ಲಿಸಿದರು. ಯೂನಿಫಾರ್ಮು ಎಳೆದುಕೊಂಡು ಮುಂದೆ ಬಂದು, ಜನ್ಮದಲ್ಲಿ ಒಂದು ಸಾಲು ಹಾಡದ ಮನುಷ್ಯ, ಇಡೀ ಸ್ಕೂಲಿನ ಎದುರು ಬಾಯಿ ತೆಗೆದರು:

ಕೂಡ್ಲಿಗಿ ಊರಾಗ ಗಂಟೀಯ ಹೊಡೆವಾಕಿ
ಕಟ್ಟ್ಯಾಳ ತಾಯಿ ಪಂಪಮ್ಮ — ಗುರುಪಾದ
ನೆನೆದು ಹಾಡೇವ ಸೋಬಾನ

ರಾಗ ಅನ್ನುವುದು ಅದರ ಹತ್ತಿರವೂ ಸುಳಿದಿರಲಿಲ್ಲ. ಮಕ್ಕಳು ನಗು ತಡೆದುಕೊಂಡರು. ಹೆಡ್‌ಮಾಸ್ಟರು ಮಾತ್ರ ನಗಲಿಲ್ಲ, ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಗಂಟೆಯ ಕೆಳಗೆ ಸುತ್ತಿಗೆ ಹಿಡಿದು ನಿಂತಿದ್ದ ಪಂಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅಂಗಳ ದಾಟಿ ಸೀದಾ ಮೇಷ್ಟ್ರ ಎದುರಿಗೆ ಬಂದಳು.

"ರಾಗ ತಪ್ಪೈತ್ರಿ ಸಾರ್," ಅಂದಳು. "ಇನ್ನೊಮ್ಮೆ ಅನ್ರಿ."

ಮೇಷ್ಟ್ರು ಇನ್ನೊಮ್ಮೆ ಅಂದರು. ಮಕ್ಕಳೂ ದನಿ ಕೂಡಿಸಿದರು. ಅವತ್ತು ಆ ಸ್ಕೂಲಿನಲ್ಲಿ ಮೊದಲನೇ ಗಂಟೆ ಹನ್ನೊಂದು ನಿಮಿಷ ತಡವಾಗಿ ಹೊಡೆಯಿತು.